ಹೆತ್ತವರು ಮಿಶಿಗನ್ನಿನಲ್ಲಿ ನೆಲೆಸಬೇಕೆ?

ವೆಸ್ಟ್ ಬ್ಲೂಮ್‌ಫೀಲ್ಡ್, ನೋವಿ, ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್: ಡೆಟ್ರಾಯಿಟ್ ಸುತ್ತಲಿನ ಈ ಊರುಗಳ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಬಹುಕಾಲದಿಂದ ಇತ್ಯರ್ಥವಾಗದೆ ಉಳಿದಿದೆ. ಮಗಳ ಬಾಣಂತನಕ್ಕೆಂದು ಬಂದ ತಾಯಿ ಸಾಮಾನ್ಯವಾಗಿ ಆರು ತಿಂಗಳ ಪ್ರವಾಸಿ ಅವಧಿ ಮುಗಿಸಿ ಊರಿಗೆ ಮರಳುತ್ತಾರೆ, ಅವರ ಹಿಂದೆಯೇ ಬೀಗರು ಬರುತ್ತಾರೆ. ಹೀಗೆ ಸರದಿಯ ಮೇಲೆ ಬಂದುಹೋಗುತ್ತಿದ್ದ ಹಿರಿಯರಿಗೆ ಎಪ್ಪತ್ತೈದು ದಾಟಿದಾಗ, ಅವರನ್ನು ಇಲ್ಲಿಯೇ ಇರಿಸಿಕೊಳ್ಳಬೇಕೆ ಎಂಬ ಮಾತು ಏಳುತ್ತದೆ. ಅಮೆರಿಕದ ಪೌರತ್ವ ಪಡೆದ, 21 ತುಂಬಿದ ಮಕ್ಕಳು ತಂದೆತಾಯಿಯ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಈ ವರ್ಗಕ್ಕೆ ವಾರ್ಷಿಕ ಮಿತಿಯಿಲ್ಲ. ಕಾನೂನು ಅಷ್ಟರಮಟ್ಟಿಗೆ ದಾರಿ ಬಿಟ್ಟಿರುವುದರಿಂದ ತೀರ್ಮಾನದ ಹೊರೆಯೆಲ್ಲ ಮನೆಯವರ ಮೇಲೇ ಬೀಳುತ್ತದೆ.

ಕರೆತರಬೇಕು ಎನ್ನುವವರ ಮೊದಲ ಕಾರಣ ಭಯ, ಅದು ನ್ಯಾಯವಾದ ಭಯ. ಜಯನಗರದಲ್ಲೋ ಮೈಸೂರಿನ ಕುವೆಂಪುನಗರದಲ್ಲೋ ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಸ್ನಾನದ ಕೋಣೆಯಲ್ಲಿ ಜಾರಿ ಬಿದ್ದರೆ ಮೊದಲು ಓಡಿಬರುವುದು ಪಕ್ಕದ ಮನೆಯವರು. ಮಕ್ಕಳಿಗೆ ಸುದ್ದಿ ಮುಟ್ಟುವಾಗ ಇಲ್ಲಿ ನಡುರಾತ್ರಿ. ಬೆಂಗಳೂರಿಗೆ ಡೆಟ್ರಾಯಿಟ್‌ನಿಂದ ನೇರ ವಿಮಾನವಿಲ್ಲ. ಪ್ಯಾರಿಸ್ಸಿನಲ್ಲೋ ಫ್ರಾಂಕ್‌ಫರ್ಟಿನಲ್ಲೋ ಇಳಿದು ಹತ್ತಿ ಊರು ಸೇರುವಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ. ಆ ಒಂದು ದಿನದಲ್ಲಿ ತಂದೆಯನ್ನು ಕಳೆದುಕೊಂಡವರ ಮುಂದೆ ಅನುಕೂಲ, ಅನನುಕೂಲಗಳ ಲೆಕ್ಕ ಹೇಳುವುದು ಕಷ್ಟ. ಮೊಮ್ಮಕ್ಕಳಿಗೂ ಲಾಭವುಂಟು: ಅಜ್ಜಿ ಇರುವ ಮನೆಯಲ್ಲಿ ಕನ್ನಡ ಊಟದ ಹೊತ್ತಿನ ಮಾತಾಗಿ ಉಳಿಯುತ್ತದೆ.

ಎದುರು ಪಕ್ಷದವರು ಹಿರಿಯರ ಒಂದು ಸಾಧಾರಣ ದಿನವನ್ನು ನೋಡಿ ಎನ್ನುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಮನೆಯವರೆಲ್ಲ ಹೊರಟರೆ ಸಂಜೆಯವರೆಗೆ ಬಾಗಿಲು ತಟ್ಟುವವರಿಲ್ಲ. ಹೂವಿನವಳಿಲ್ಲ, ಸೊಪ್ಪಿನ ಗಾಡಿಯಿಲ್ಲ, ನಡೆದು ಮುಟ್ಟುವ ದೂರದಲ್ಲಿ ಅಂಗಡಿಯೂ ಹೆಚ್ಚಾಗಿ ಇರುವುದಿಲ್ಲ. ಒಗ್ಗರಣೆಯ ಹೊಗೆಗೆ ಸ್ಮೋಕ್ ಅಲಾರಂ ಕೂಗಿಕೊಂಡರೆ ಕುರ್ಚಿ ಹತ್ತಿ ಅದನ್ನು ನಿಲ್ಲಿಸುವ ವಯಸ್ಸೂ ಅಲ್ಲ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತಾದರೂ ಹೊತ್ತು ಮುಳುಗದು, ದೇವರ ದೀಪ ಹಚ್ಚುವುದು ಯಾವಾಗ ಎಂಬ ಗೊಂದಲ. ಡಿಸೆಂಬರಿನಲ್ಲಿ ಐದಕ್ಕೆಲ್ಲ ಕತ್ತಲು, ಹೊರಗೆ ಕಾಲಿಟ್ಟರೆ ಜಾರುವ ಮಂಜುಗಡ್ಡೆ. ನಲವತ್ತು ವರ್ಷ ಶಾಲೆ ನಡೆಸಿದ ಅಥವಾ ಬ್ಯಾಂಕಿನಲ್ಲಿ ದುಡಿದ ಮನುಷ್ಯ ಒಂದು ಮಾತ್ರೆಯ ಚೀಟಿಗೂ ಮಗ ಕಾರು ತೆಗೆಯುವವರೆಗೆ ಕಾಯಬೇಕು. ಆ ಪರಾಧೀನತೆ ಹಿರಿಯರನ್ನು ಒಳಗಿನಿಂದ ಕುಗ್ಗಿಸುತ್ತದೆ ಎಂಬ ಮಾತನ್ನು ತಳ್ಳಿಹಾಕಲಾಗದು.

ಇದಕ್ಕೂ ಉತ್ತರವಿದೆ. ಪಂಪ ಕನ್ನಡ ಕೂಟ ಇದೆ, ಟ್ರಾಯ್‌ನಲ್ಲಿ ಭಾರತೀಯ ದೇವಸ್ಥಾನವಿದೆ, ನೋವಿಯಲ್ಲಿ ವೆಂಕಟೇಶ್ವರನಿದ್ದಾನೆ. ಹಳೆಯ ರೈಲು ದಾರಿಯನ್ನೇ ಸಮಗೊಳಿಸಿ ಮಾಡಿದ ವೆಸ್ಟ್ ಬ್ಲೂಮ್‌ಫೀಲ್ಡ್ ಟ್ರೇಲ್‌ನಲ್ಲಿ ಬೇಸಗೆಯ ಬೆಳಗ್ಗೆ ನಿಶ್ಚಿಂತೆಯಿಂದ ನಡೆಯಬಹುದು. ಇದೇ ಊರಿನಲ್ಲಿ ಇರಾಕ್ ಮೂಲದ ಕಾಲ್ಡಿಯನ್ ಕ್ರೈಸ್ತರು ಅಜ್ಜ ಅಜ್ಜಿಯರೊಂದಿಗೇ ಬೇರು ಬಿಟ್ಟಿದ್ದಾರೆ, ನಮ್ಮವರಿಗೇಕೆ ಆಗದು ಎಂದು ಕೇಳುವವರಿದ್ದಾರೆ. ಆದರೆ ಈ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ. ಅವರಲ್ಲಿ ಅನೇಕರು ಹಿಂಸೆಗೆ ಬೆದರಿ ಊರು ಬಿಟ್ಟವರು. ನಮ್ಮ ಹಿರಿಯರಿಗೆ ಊರೂ ಇದೆ, ಪಿಂಚಣಿಯೂ ಇದೆ, ಹೆಸರು ಹಿಡಿದು ಮಾತಾಡಿಸುವ ಡಾಕ್ಟರೂ ಇದ್ದಾರೆ.

ವೈದ್ಯಕೀಯ ವೆಚ್ಚದ ವಿಚಾರದಲ್ಲಿ ಎರಡೂ ಕಡೆ ತೂಕವಿದೆ. ಪ್ರವಾಸಿಗರ ವಿಮೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಒಂದು ಆಸ್ಪತ್ರೆವಾಸ ಮಕ್ಕಳ ಉಳಿತಾಯವನ್ನೇ ನುಂಗಬಹುದು. ಗ್ರೀನ್ ಕಾರ್ಡ್ ಇದ್ದರೆ ಮಾರ್ಕೆಟ್‌ಪ್ಲೇಸ್ ವಿಮೆ ಕೊಳ್ಳಬಹುದು, ಅದು ಹಳೆಯ ಕಾಯಿಲೆಗಳನ್ನು ನಿರಾಕರಿಸುವಂತಿಲ್ಲ. 65 ದಾಟಿದವರಿಗೆ ಮೆಡಿಕೇರ್ ಸಿಗಬೇಕಾದರೆ ಐದು ವರ್ಷ ನಿರಂತರವಾಗಿ ವಾಸಿಸಿರಬೇಕು, ಇಲ್ಲಿ ದುಡಿದ ದಾಖಲೆ ಇಲ್ಲದವರು ಆಸ್ಪತ್ರೆ ವಿಮೆಗೂ ತಿಂಗಳ ಕಂತು ಕಟ್ಟಬೇಕು. ಗ್ರೀನ್ ಕಾರ್ಡಿಗೆ ಇನ್ನೊಂದು ಕಟ್ಟುಪಾಡೂ ಇದೆ: ಆರು ತಿಂಗಳಿಗೂ ಮೀರಿ ಊರಿನಲ್ಲಿ ಉಳಿದರೆ ಮರಳುವಾಗ ಪ್ರಶ್ನೆ ಎದುರಾಗಬಹುದು, ಅನುಮತಿಯಿಲ್ಲದೆ ಒಂದು ವರ್ಷ ಮೀರಿದರೆ ಕಾರ್ಡಿಗೇ ಕುತ್ತು. ಮನಸ್ಸು ಬಂದಾಗ ಊರಿಗೆ ಹೋಗಿ ಬೇಕಾದಷ್ಟು ಕಾಲ ಇರುವ ಸ್ವಾತಂತ್ರ್ಯ, ಸೌಲಭ್ಯದ ಹೆಸರಿನಲ್ಲೇ ಕಿರಿದಾಗುತ್ತದೆ. ಹಾಗೆಂದು ಪ್ರವಾಸಿ ವೀಸಾದ ಮೇಲೆಯೇ ವರ್ಷವರ್ಷವೂ ದೀರ್ಘಕಾಲ ಬಂದಿರುವುದೂ ನಿರಾತಂಕವಲ್ಲ. ವಲಸೆ ಅಧಿಕಾರಿ ಅನುಮಾನದಿಂದ ನೋಡಿದರೆ ಅವರನ್ನು ದೂರುವಂತಿಲ್ಲ.

ಸಂಗಾತಿಯನ್ನು ಕಳೆದುಕೊಂಡು ಒಂಟಿಯಾದವರ, ನಿತ್ಯದ ಆರೈಕೆ ಬೇಕಾದವರ ವಿಷಯದಲ್ಲಿ ಕರೆತರುವ ಪಕ್ಷ ಬಲವಾಗಿದೆ ಎಂದು ನನಗನ್ನಿಸುತ್ತದೆ. ದಂಪತಿಗಳಿಬ್ಬರೂ ಓಡಾಡಿಕೊಂಡಿರುವಾಗ ಅವಸರ ಮಾಡುವುದಕ್ಕೆ ಅಷ್ಟು ಆಧಾರ ಕಾಣದು. ನಡುವೆ ಇರುವವರಿಗೆ ಒಂದು ಸಲಹೆ ಕೊಡಬಹುದು. ಈ ತೀರ್ಮಾನ ಸಾಮಾನ್ಯವಾಗಿ ಹುಟ್ಟುವುದು ಮೇ ತಿಂಗಳಿಂದ ಅಕ್ಟೋಬರಿನವರೆಗಿನ ಭೇಟಿಯಲ್ಲಿ. ಹಿತ್ತಲಲ್ಲಿ ಟೊಮೆಟೊ ಬೆಳೆದು, ಕೆರೆಗಳ ದಂಡೆಯಲ್ಲಿ ಸುತ್ತಾಡಿದ ಸಂತೋಷದಲ್ಲಿ ಯಾರಾದರೂ ಇಲ್ಲಿ ಬಾಳಬಹುದು ಎಂದೇ ಹೇಳುತ್ತಾರೆ. ಅರ್ಜಿ ಹಾಕುವ ಮುನ್ನ, ಆರೋಗ್ಯ ಅನುಮತಿಸಿದರೆ, ಅವರು ಒಮ್ಮೆ ನವೆಂಬರಿನಲ್ಲಿ ಬಂದು ಏಪ್ರಿಲ್‌ವರೆಗೆ ಇದ್ದು ನೋಡಲಿ. ಆಮೇಲೆ ತಾಯಿಯನ್ನೂ ತಂದೆಯನ್ನೂ ಬೇರೆಬೇರೆಯಾಗಿ, ಮೊಮ್ಮಕ್ಕಳು ಎದುರಿಗಿಲ್ಲದಾಗ ಕೇಳಿ. ಇಬ್ಬರ ಉತ್ತರ ಒಂದೇ ಆಗಿರಬೇಕಿಲ್ಲ. ಅಲ್ಲಿಯವರೆಗೆ ಊರಿನ ಮನೆ ಮಾರುವ ಮಾತು ದಯವಿಟ್ಟು ಬೇಡ.