ಗೃಹಿಣಿಗೂ ಬೇಕು ಸ್ವಂತ ಪಿಂಚಣಿ

'ಯಜಮಾನ್ರಿಗೆ ಪಿ.ಎಫ್. ಪಿಂಚಣಿ ಬರುತ್ತಲ್ಲ, ನನಗ್ಯಾಕೆ ಬೇರೆ?' ಅನ್ನೋದು ಗೃಹಿಣಿಯರ ಮಾಮೂಲಿ ಮಾತು. ಆದರೆ ಆ ಪಿಂಚಣಿ ಎಷ್ಟು, ಅದರಲ್ಲಿ ನಮ್ಮ ಪಾಲೆಷ್ಟು ಅಂತ ಲೆಕ್ಕ ಹಾಕಿದ್ದೇವಾ?

ಖಾಸಗಿ ನೌಕರರಿಗೆ ಅನ್ವಯಿಸುವುದು 1995ರ ನೌಕರರ ಪಿಂಚಣಿ ಯೋಜನೆ. ಕನಿಷ್ಠ 10 ವರ್ಷ ಸೇವೆಯಾಗಿರಬೇಕು. ಮೂಲ ವೇತನ, ತುಟ್ಟಿಭತ್ಯೆ ಸೇರಿಸಿ, ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ಸಿಗುತ್ತದೆ. ಸಂಬಳ ಎಷ್ಟೇ ಏರಿದರೂ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು 2014ರಲ್ಲಿ ನಿಗದಿಯಾದ 15,000 ರೂಪಾಯಿ ಮಿತಿಯನ್ನು. ಪೂರ್ತಿ ಅಷ್ಟನ್ನೇ ಹಿಡಿದರೂ 14 ವರ್ಷ ದುಡಿದವರಿಗೆ ತಿಂಗಳಿಗೆ 3,000 ರೂಪಾಯಿ. ನಿವೃತ್ತಿಯ ನಂತರ ಅವರು ತೀರಿಕೊಂಡರೆ ಪತ್ನಿಗೆ ಅದರ ಅರ್ಧ, ಅಂದರೆ 1,500! ಗ್ಯಾಸು, ಔಷಧಿಗೇ ಸಾಲದು.

ಹಾಗಂತ ಗಾಬರಿ ಬೇಡ. ಸರ್ಕಾರಿ ನೌಕರಿಯವರಿಗೆ ಶುರುವಾದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ (ಎನ್‌ಪಿಎಸ್) 2009ರ ಮೇ 1ರಿಂದ ಎಲ್ಲರಿಗೂ ತೆರೆದಿದೆ. ಸಂಬಳವಿಲ್ಲದ ಗೃಹಿಣಿಯೂ ಖಾತೆ ತೆರೆಯಬಹುದು. ಇದು ಮಾರುಕಟ್ಟೆಯ ಏರಿಳಿತಕ್ಕೆ ಒಳಪಟ್ಟದ್ದು, ಇಂತಿಷ್ಟೇ ಬರುತ್ತೆ ಅನ್ನೋ ಖಾತರಿಯಿಲ್ಲ.

ಖಾತರಿ ಬೇಕೆನ್ನುವ, 18ರಿಂದ 40 ವರ್ಷದೊಳಗಿನವರಿಗೆ 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆ ಇದೆ. 30ನೇ ವಯಸ್ಸಿಗೆ ಸೇರಿ ತಿಂಗಳಿಗೆ 577 ರೂಪಾಯಿ ಕಟ್ಟುತ್ತಾ ಹೋದರೆ 60ರ ನಂತರ ತಿಂಗಳಿಗೆ 5,000 ರೂಪಾಯಿ. ಅದೇ 40ಕ್ಕೆ ಸೇರಿದರೆ ಕಂತು 1,454. ತಡ ಮಾಡಿದಷ್ಟೂ ಭಾರ, ನೋಡಿ! ಆದಾಯ ತೆರಿಗೆ ಕಟ್ಟುವವರು 2022ರ ಅಕ್ಟೋಬರ್‌ನಿಂದ ಇದಕ್ಕೆ ಸೇರುವಂತಿಲ್ಲ. ಆದರೆ ನಿಯಮ ಇರೋದು ಸೇರುವವರಿಗೆ. ಪತಿ ತೆರಿಗೆ ಕಟ್ಟುತ್ತಿದ್ದರೂ, ಸ್ವಂತ ಆದಾಯವಿಲ್ಲದ ಪತ್ನಿ ಸೇರಬಹುದು. ಬೆಲೆ ಏರಿಕೆಯಲ್ಲಿ ಮುಂದೊಂದು ದಿನ 5,000ಕ್ಕೆ ಇಂದಿನ ಬೆಲೆ ಇರೋದಿಲ್ಲ, ನಿಜ. ಆದರೂ ಅದು ನಮ್ಮ ಹೆಸರಿನ ದುಡ್ಡು, ಮಕ್ಕಳ ಮುಂದೆ ಕೈಚಾಚುವ ಪ್ರಮೇಯ ಅಷ್ಟರ ಮಟ್ಟಿಗೆ ತಪ್ಪುತ್ತದೆ.

ಈ ಕಂತನ್ನು ಸಾಸಿವೆ ಡಬ್ಬಿಯ ಉಳಿತಾಯದಿಂದ ಕದ್ದುಮುಚ್ಚಿ ಕಟ್ಟಬೇಕಿಲ್ಲ. ಹಾಲು, ಪೇಪರ್, ಕರೆಂಟ್ ಬಿಲ್ಲಿನ ಹಾಗೆ ಇದೂ ಸಂಸಾರದ ಖರ್ಚು ಅಂತ ಇಬ್ಬರೂ ಕೂತು ಒಪ್ಪಿಕೊಳ್ಳಬೇಕು. ಅವರು ನಿಶ್ಚಿಂತೆಯಿಂದ ಆಫೀಸಿಗೆ ಹೋಗಿ ದುಡಿಯುವುದರ ಹಿಂದೆ ನಮ್ಮ ದುಡಿಮೆಯೂ ಇದೆಯಲ್ಲವೇ? ಹಾಗಾಗಿ ಇದು ಯಾರೋ ಮಾಡುವ ಉಪಕಾರವಲ್ಲ, ನಮ್ಮ ಹಕ್ಕು.

ಜೊತೆಗೆ, ಪತಿಯ ಪಿ.ಎಫ್.ನಲ್ಲಿ ನಾಮಿನಿ ಯಾರೆಂದು ಒಮ್ಮೆ ಕೇಳಿ. ಮದುವೆಗೆ ಮುಂಚೆ ಬರೆದುಕೊಟ್ಟದ್ದಾದರೆ ಹೊಸದಾಗಿ ಬರೆದುಕೊಡಲು ಹೇಳಿ. ದುಡ್ಡಿನ ವಿಚಾರ ಕೇಳೋದು ಅಪನಂಬಿಕೆಯಲ್ಲ, ಗೆಳತಿಯರೇ, ಜಾಣತನ.