ಮಕ್ಕಳನ್ನು ಒಪ್ಪಿಸಿ ಹೋಗುವ ಮುನ್ನ

ಮದುವೆಯಾಗಿ ಏಳೆಂಟು ವರ್ಷ ಕಳೆದ ದಂಪತಿಗಳನ್ನು, ತಾವಿಬ್ಬರೇ ಕುಳಿತು ನೆಮ್ಮದಿಯಿಂದ ಮಾತನಾಡಿದ ದಿನ ಯಾವುದೆಂದು ಕೇಳಿದರೆ, ಉತ್ತರಿಸಲು ಬಹಳ ಹೊತ್ತು ಬೇಕಾಗುತ್ತದೆ. ದುಡಿಮೆ, ಮಕ್ಕಳ ಶಾಲೆ, ಹಿರಿಯರ ಆರೋಗ್ಯ, ಬಂಧುಗಳ ಮದುವೆ-ತೊಟ್ಟಿಲು ಇವುಗಳಲ್ಲಿಯೇ ವರ್ಷಗಳು ಉರುಳುತ್ತವೆ. ಇಂಥವರು ನಾಲ್ಕು ದಿನ ಹಂಪೆಗೋ ಕೊಡಗಿಗೋ ಹೋಗಿಬರಲು ಬಯಸಿದರೆ ಅದನ್ನು ಸ್ವಾರ್ಥವೆನ್ನಲಾಗದು. ಪತಿಪತ್ನಿಯರ ಅನ್ಯೋನ್ಯತೆಯೇ ಮಕ್ಕಳ ನೆಮ್ಮದಿಗೂ ತಳಹದಿ. ಆದರೆ ಹೊರಡುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಲೇಬೇಕು: ಮಕ್ಕಳನ್ನು ಯಾರಿಗೆ ಒಪ್ಪಿಸುವುದು?

ಕೂಡುಕುಟುಂಬದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ದೊಡ್ಡಮ್ಮನ ಮಡಿಲು, ಅಜ್ಜಿಯ ಹಾಸಿಗೆ ಮಗುವಿಗೆ ದಿನವೂ ಪರಿಚಿತವಾಗಿದ್ದವು. ಇಂದು ಮನೆ ಪಟ್ಟಣದಲ್ಲಿ, ಅಜ್ಜಿ ಊರಿನಲ್ಲಿ. ಆದ್ದರಿಂದ 'ನಂಬಿಕಸ್ಥರು ಯಾರಾದರೂ ಇದ್ದರೆ ಸಾಕು' ಎನ್ನುತ್ತೇವೆ. ಇಲ್ಲಿಯೇ ಎಚ್ಚರ ಬೇಕು. ತಂದೆತಾಯಿಗಳು ನಂಬಿದವರನ್ನು ಮಗುವೂ ನಂಬಿರಬೇಕೆಂದೇನೂ ಇಲ್ಲ.

ಈ ವಿಷಯದಲ್ಲಿ ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಮತ್ತು ಅವರ ಪತ್ನಿ ಜಾಯ್ಸ್ ಮಾಡಿದ ಕೆಲಸ ಸ್ಮರಣೀಯ. ಆಸ್ಪತ್ರೆಯಲ್ಲಿ ತಾಯಿಯನ್ನಗಲಿದ ಎರಡು ವರ್ಷದ ಮಗುವಿನ ಚಿತ್ರವನ್ನು ಜೇಮ್ಸ್ 1952ರಲ್ಲಿ ಲೋಕದ ಮುಂದಿಟ್ಟರು. ಮುಂದೆ ದಂಪತಿಗಳಿಬ್ಬರೂ ಸೇರಿ, ತಾಯಿ ಹೆರಿಗೆಗೆ ಹೋದಾಗ ಬೇರೆಯವರ ಆರೈಕೆಯಲ್ಲಿ ಉಳಿದ ಮಕ್ಕಳನ್ನು ಚಿತ್ರೀಕರಿಸಿದರು. 1969ರ ಚಿತ್ರದಲ್ಲಿರುವುದು ಹದಿನೇಳು ತಿಂಗಳ ಗಂಡುಮಗು. ಒಂಬತ್ತು ದಿನ ಅದು ಶಿಶುಪಾಲನಾ ಗೃಹವೊಂದರಲ್ಲಿತ್ತು. ಅಲ್ಲಿನ ದಾದಿಯರು ಕಠಿಣ ಹೃದಯದವರಲ್ಲ. ಆದರೆ ಸರದಿಯ ಪ್ರಕಾರ ಬದಲಾಗುತ್ತಿದ್ದರು. ಒಬ್ಬಳನ್ನು ನೆಚ್ಚುವಷ್ಟರಲ್ಲಿ ಮತ್ತೊಬ್ಬಳು ಬರುತ್ತಿದ್ದಳು. ಮಗು ಅತ್ತು, ಊಟ ಬಿಟ್ಟು, ಕೊನೆಗೆ ಬಂದ ತಾಯಿಯನ್ನೇ ದೂರ ತಳ್ಳಿತು. ಅದೇ ವಯಸ್ಸಿನ ಹೆಣ್ಣುಮಗುವೊಂದು ಹತ್ತು ದಿನ ರಾಬರ್ಟ್‌ಸನ್ನರ ಮನೆಯಲ್ಲಿತ್ತು. ಅದನ್ನು ಮುಂಚೆಯೇ ಕರೆತಂದು ಮನೆಯ ಪರಿಚಯ ಮಾಡಿಸಲಾಗಿತ್ತು. ಅದರ ಊಟ-ನಿದ್ದೆಯ ರೂಢಿಯನ್ನು ಕೇಳಿ ತಿಳಿದುಕೊಳ್ಳಲಾಗಿತ್ತು. ನೋಡಿಕೊಂಡವರು ಜಾಯ್ಸ್ ಒಬ್ಬರೇ. ಆ ಮಗುವಿಗೂ ನೋವಿತ್ತು. ಆದರೆ ಅದು ನಿರಾಶೆಗೆ ಜಾರಲಿಲ್ಲ. ಹಿಂದಿರುಗಿದ ತಾಯಿಯನ್ನು ಅದು ಕೂಡಲೇ ಗುರುತಿಸಿ ಒಪ್ಪಿಕೊಂಡಿತು.

ನಮ್ಮ ಮನೆಗಳಿಗೂ ಇದು ಅನ್ವಯಿಸುತ್ತದೆ. ಬೇಸಗೆಯ ರಜೆಯಲ್ಲಿ ಮಾತ್ರ ಕಾಣುವ ಅಜ್ಜಿ ನಮಗೆ ಹೆತ್ತ ತಾಯಿಯಾದರೂ ಎರಡು ವರ್ಷದ ಕಂದನಿಗೆ ಹೊಸಬಳೇ. ದಿನವೂ ಎತ್ತಿ ಆಡಿಸುವ ಪಕ್ಕದ ಮನೆಯ ಅತ್ತೆ ಅದಕ್ಕೆ ಹೆಚ್ಚು ಹತ್ತಿರದವಳಾಗಿರಬಹುದು. ಆದುದರಿಂದ ಮೊದಲು ಒಂದು ಹಗಲು, ಬಳಿಕ ಒಂದು ರಾತ್ರಿ ಬಿಟ್ಟು ನೋಡಬೇಕು. ಎಂಟೊಂಬತ್ತು ತಿಂಗಳಿನಿಂದ ಮೂರು ವರ್ಷದವರೆಗೆ ಅಗಲಿಕೆ ಮಗುವಿಗೆ ಬಹು ಭಾರ. ಆ ವಯಸ್ಸಿನಲ್ಲಿ ಪ್ರವಾಸ ಚಿಕ್ಕದಾಗಿದ್ದಷ್ಟೂ ಒಳಿತು. ಸಾಧ್ಯವಿದ್ದರೆ ಅಜ್ಜಿಯೇ ಮಗುವಿನ ಮನೆಗೆ ಬಂದಿರಲಿ. ತನ್ನದೇ ಹಾಸಿಗೆ, ತನ್ನದೇ ತಟ್ಟೆ ಇದ್ದರೆ ಮಗುವಿಗೆ ಅರ್ಧ ಧೈರ್ಯ.

ನಮ್ಮಲ್ಲಿ ಬೇರೂರಿದ ಒಂದು ರೂಢಿಯನ್ನಂತೂ ಬಿಡಲೇಬೇಕು. ಮಗು ಅಳುತ್ತದೆಂದು ಅದರ ಕಣ್ಣು ತಪ್ಪಿಸಿ, ಅಥವಾ ಅದು ಮಲಗಿದಾಗ ಹೊರಟುಹೋಗುವುದು. ಆಗ ಅಳು ನಮ್ಮ ಕಿವಿಗೆ ಬೀಳುವುದಿಲ್ಲ, ಅಷ್ಟೆ. ಎಚ್ಚರಗೊಂಡ ಮಗು ತಾಯಿಯನ್ನು ಹುಡುಕುತ್ತದೆ. ಅಂದಿನಿಂದ ನಿದ್ದೆಗೂ ಹೆದರುತ್ತದೆ. ಹೇಳಿ ಹೊರಟರೆ ಮಗು ಅತ್ತೀತು. ಅಳಲಿ, ಅಪ್ಪಿಕೊಂಡು ಸಂತೈಸಲು ಅಜ್ಜಿ ಇದ್ದಾಳೆ. 'ನಾಲ್ಕು ರಾತ್ರಿ ಮಲಗಿ ಏಳು, ಐದನೆಯ ದಿನ ಬರುತ್ತೇವೆ' ಎಂದು ಹೇಳಿ, ಐದನೆಯ ದಿನವೇ ಬರಬೇಕು. ಮಗು ನಮ್ಮ ಮಾತನ್ನು ಅಳೆಯುವುದು ನಮ್ಮ ನಡತೆಯಿಂದ.

ಒಪ್ಪಿಸಿಕೊಳ್ಳುವವರ ಕಷ್ಟವನ್ನೂ ಅರಿಯಬೇಕು. ಅಜ್ಜಿಯೆಂದ ಮೇಲೆ ನೋಡಿಕೊಳ್ಳಲೇಬೇಕೆಂಬುದು ನ್ಯಾಯವಲ್ಲ. ಮಂಡಿನೋವಿನ ಹಿರಿಯಳು ಓಡುವ ಮೊಮ್ಮಗನ ಹಿಂದೆ ಎಷ್ಟು ದಿನ ಓಡಿಯಾಳು? ಟಿಕೆಟ್ ಕೊಳ್ಳುವ ಮುನ್ನವೇ ಆಕೆಯ ಒಪ್ಪಿಗೆ ಕೇಳಬೇಕು; ಅಡುಗೆಗೋ ರಾತ್ರಿಗೋ ಮತ್ತೊಬ್ಬರ ಆಸರೆ ಒದಗಿಸಬೇಕು. ಸಂಬಳಕ್ಕೆ ಆಯಾಳನ್ನು ಗೊತ್ತುಮಾಡುವುದಾದರೆ ಆಕೆ ಹಿಂದೆ ದುಡಿದ ಮನೆಯವರನ್ನು ಕಂಡು ವಿಚಾರಿಸುವುದು ಕರ್ತವ್ಯ. ಹಳ್ಳಿಯಿಂದ ಚಿಕ್ಕ ಹುಡುಗಿಯನ್ನು ಕರೆತಂದು ಮಗುವನ್ನು ವಹಿಸುವ ಪದ್ಧತಿ ಅನ್ಯಾಯವೂ ಹೌದು, ಅಪರಾಧವೂ ಹೌದು. ಹದಿನಾಲ್ಕು ವರ್ಷ ತುಂಬದವರನ್ನು ಮನೆಗೆಲಸಕ್ಕಿಟ್ಟುಕೊಳ್ಳುವುದನ್ನು ಸರ್ಕಾರ 2006ರ ಅಕ್ಟೋಬರಿನಿಂದಲೇ ನಿಷೇಧಿಸಿದೆ.

ಹೊರಡುವ ಹಿಂದಿನ ದಿನ ಎಲ್ಲವನ್ನೂ ದಪ್ಪ ಅಕ್ಷರಗಳಲ್ಲಿ ಕಾಗದದ ಮೇಲೆ ಬರೆದಿಡಬೇಕು: ತಂಗುವ ಸ್ಥಳ, ವೈದ್ಯರ ದೂರವಾಣಿ, ಶಾಲೆಯಿಂದ ಕರೆತರುವವರ ಹೆಸರು, ಆಂಬುಲೆನ್ಸಿಗೆ 108, ಇತರ ತುರ್ತಿಗೆ 112. ಔಷಧದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ದ್ರಾವಣದಲ್ಲಿ, ಐದು ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಸೀಸೆಯೂ ಉಂಟು, 250 ಮಿಲಿಗ್ರಾಂ ಇರುವ ಸೀಸೆಯೂ ಉಂಟು. ಮೊದಲನೆಯದರ ಅಳತೆಯಲ್ಲಿ ಎರಡನೆಯದನ್ನು ಕೊಟ್ಟರೆ ಮಗುವಿಗೆ ಇಮ್ಮಡಿ ಔಷಧ ಸೇರುತ್ತದೆ. ವೈದ್ಯರು ಹೇಳಿದ ಅಳತೆಯನ್ನು ಬರೆದು ಅದೇ ಸೀಸೆಗೆ ಅಂಟಿಸಿಡುವುದು ಕ್ಷೇಮ.

ಮಾತು ಬಲ್ಲ ಮಕ್ಕಳಿಗೆ ಇನ್ನೊಂದನ್ನು ಹೇಳಿರಬೇಕು. ಯಾರೇ ಆಗಲಿ, ಬಂಧುವೇ ಆಗಲಿ, ಮೈಮುಟ್ಟಿ ಕಸಿವಿಸಿ ಮಾಡಿದರೆ, 'ಅಪ್ಪ ಅಮ್ಮನಿಗೆ ಹೇಳಬೇಡ' ಎಂದರೆ, ಅದನ್ನು ಮೊದಲು ಹೇಳಬೇಕಾದುದು ನಮಗೇ ಎಂದು. ಮಕ್ಕಳ ಸಹಾಯವಾಣಿ 1098 ಮಕ್ಕಳಿಗೂ ತಿಳಿದಿರಲಿ. ಇದರಿಂದ ಬಂಧುಗಳ ಮೇಲೆ ಅನುಮಾನ ಪಟ್ಟಂತಾಗದು. ಮಗುವಿಗೆ ಕಾವಲು ಕೊಟ್ಟಂತಾಗುತ್ತದೆ.

ಹಿಂದಿರುಗಿದ ದಿನ ಮಗು ಓಡಿಬಂದು ಅಪ್ಪಿಕೊಳ್ಳುವುದೆಂದು ಎಣಿಸಬಾರದು. ಮುಖ ತಿರುಗಿಸಬಹುದು, ಅಜ್ಜಿಯ ಸೆರಗನ್ನೇ ಹಿಡಿಯಬಹುದು, ನಾಲ್ಕು ದಿನ ಬೆನ್ನು ಬಿಡದಿರಬಹುದು. ಅದು ಮುನಿಸಲ್ಲ, ನೋವಿನ ಭಾಷೆ. ಆಟಿಕೆ ಕೊಟ್ಟು ಅದನ್ನು ಮುಚ್ಚಿಹಾಕದೆ, ಬಳಿಯಲ್ಲಿ ಕುಳಿತು ಸಹನೆಯಿಂದ ಕಾಯಬೇಕು. 'ಅಜ್ಜಿ ಮುದ್ದು ಮಾಡಿ ಕೆಡಿಸಿದಳು' ಎಂಬ ಮಾತು ಸೊಸೆಯ ಬಾಯಿಂದಾಗಲಿ ಮಗಳ ಬಾಯಿಂದಾಗಲಿ ಬರಬಾರದು. ಆ ಹಿರಿಯ ಜೀವ ನಾಲ್ಕು ರಾತ್ರಿ ನಿದ್ದೆಗೆಟ್ಟು ಕಾದಿದ್ದು ನಮ್ಮ ಕುಡಿಯನ್ನು. ಅದನ್ನು ನೆನೆದು ಆಕೆಯ ಕೈ ಹಿಡಿದು ಕೃತಜ್ಞತೆ ಹೇಳುವುದನ್ನು ಮಗುವೂ ನೋಡಲಿ. ಕೊಟ್ಟ ಮಾತು ಉಳಿಸಿಕೊಳ್ಳುವುದನ್ನೂ ಪಡೆದ ಉಪಕಾರ ನೆನೆಯುವುದನ್ನೂ ಮಕ್ಕಳು ಕಲಿಯುವುದು ಇಂಥ ಸಂದರ್ಭಗಳಲ್ಲಿಯೇ.