ಹೊತ್ತು ಬದಲಿಸುವುದೋ, ಬೆಟ್ಟ ಬಗೆಯುವುದೋ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟಗಳನ್ನು ಮುಳುಗಡೆಗೆ ಒಪ್ಪಿಸಿ ಹೊರಟವು. ನಾಡಿನ ಬೆಳಕಿಗಾಗಿ ಅಷ್ಟೆಲ್ಲವನ್ನೂ ತೆತ್ತ ಅದೇ ಶರಾವತಿ ಕಣಿವೆಯಲ್ಲಿ ಕರ್ನಾಟಕ ವಿದ್ಯುತ್ ನಿಗಮವು 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಟ್ಟಿದೆ. ಮೇಲಿನ ತಳಕಳಲೆ ಮತ್ತು ಕೆಳಗಿನ ಗೇರುಸೊಪ್ಪ ಜಲಾಶಯಗಳನ್ನು ಸುರಂಗಗಳಿಂದ ಜೋಡಿಸಿ, ಬೇಡಿಕೆ ಏರಿದಾಗ ನೀರಿಳಿಸಿ ವಿದ್ಯುತ್ ಪಡೆಯುವುದು, ಬೇಡಿಕೆ ತಗ್ಗಿದಾಗ ಅದೇ ನೀರನ್ನು ಪಂಪುಗಳಿಂದ ಮೇಲೆತ್ತುವುದು ಇದರ ತಿರುಳು. 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಇದಕ್ಕೆ ತಾತ್ವಿಕ ಒಪ್ಪಿಗೆಯನ್ನೂ ನೀಡಿತು.

ಸಂಗ್ರಹದ ಅಗತ್ಯ ಸುಳ್ಳಲ್ಲ. ಪಾವಗಡದ 2,050 ಮೆಗಾವಾಟ್ ಸೌರ ಸ್ಥಾವರವು ಮನೆಮನೆಗಳಲ್ಲಿ ದೀಪ ಹೊತ್ತುವ ಹೊತ್ತಿಗೇ ಸ್ತಬ್ಧವಾಗುತ್ತದೆ. ಆದರೆ ಸಂಗ್ರಹಾಗಾರವು ತಾನಾಗಿ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ನೀರೆತ್ತಲು 100 ಯೂನಿಟ್ ವ್ಯಯಿಸಿದರೆ ಮರಳಿ ಬರುವುದು ಸುಮಾರು 75ರಿಂದ 80. ನಡುಹಗಲಿನ ಹೆಚ್ಚುವರಿ ಬಿಸಿಲಿನಿಂದ ತುಂಬಿಸಿದರೆ ಈ ನಷ್ಟ ಸಹ್ಯ. ನಡುರಾತ್ರಿ ಕಲ್ಲಿದ್ದಲು ಸುಟ್ಟು ತುಂಬಿಸಿದರೆ ಹೊಗೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಇದರ ಬೆಲೆ ತೆರಬೇಕಾದುದು ಸಿಂಗಳೀಕಗಳ ಅಭಯಾರಣ್ಯ. ಮರದಿಂದ ಮರಕ್ಕೆ ಹಾಯುತ್ತ, ನೆಲಕ್ಕಿಳಿಯುವುದೇ ಅಪರೂಪವಾದ ಈ ಪ್ರಾಣಿಗೆ ಕಾಡಿನ ಚಾವಣಿ ತುಂಡಾಗುವುದೆಂದರೆ ಬದುಕೇ ತುಂಡಾದಂತೆ. 50 ಹೆಕ್ಟೇರಿಗೂ ಮಿಕ್ಕ ಅರಣ್ಯಭೂಮಿ, ಕಡಿದಾದ ಇಳಿಜಾರಿನಲ್ಲಿ ರಸ್ತೆ, ಬಂಡೆಯೊಳಗೆ ಸ್ಫೋಟ ಇವೆಲ್ಲ ಬೇಕಾಗುತ್ತವೆ. ಸಾವಿರಾರು ಕೋಟಿ ರೂಪಾಯಿಗಳ ಹೂಡಿಕೆಯೂ ಕೊನೆಗೆ ಗ್ರಾಹಕರ ಬಿಲ್ಲಿಗೇ ಸೇರುತ್ತದೆ. ಬ್ಯಾಟರಿಗಳಿಗೆ ಕಾಡು ಬೇಡವಾದರೂ ಅವು ನಿಷ್ಕಳಂಕವಲ್ಲ. ಅವುಗಳ ಲಿಥಿಯಮ್‌ಗಾಗಿ ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ನೆಲದಡಿಯ ಉಪ್ಪುನೀರನ್ನು ಹೀರಿ ತೆಗೆಯಲಾಗುತ್ತಿದೆ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಬೇಡಿಕೆಯ ಹೊತ್ತನ್ನೇ ಎಷ್ಟರಮಟ್ಟಿಗೆ ಬದಲಿಸಬಹುದು ಎಂಬುದು. ರಾಜ್ಯದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ನೀರಾವರಿ ಪಂಪ್‌ಸೆಟ್‌ಗಳದು. ಬೆಳೆಗೆ ಬೇಕಾದುದು ನೀರೇ ಹೊರತು ರಾತ್ರಿಯ ನೀರಲ್ಲ. ಬಿಸಿಲಿದ್ದಾಗ ತ್ರೀ ಫೇಸ್ ವಿದ್ಯುತ್ತನ್ನು ಖಚಿತವಾಗಿ ಒದಗಿಸಿದರೆ ತೋಟದ ಮೇಲಣ ದಿಬ್ಬದ ತೊಟ್ಟಿಗೆ ನಡುಹಗಲಲ್ಲೇ ನೀರೇರಿಸಬಹುದು. ಸಂಜೆ ಅದು ತನ್ನ ಭಾರದಿಂದಲೇ ಹನಿ ನೀರಾವರಿಯ ಕೊಳವೆಗಳಿಗೆ ಇಳಿಯುತ್ತದೆ. ಅಂತಹ ಒಂದೊಂದು ತೊಟ್ಟಿಯೂ ಒಂದು ಪುಟ್ಟ ಸಂಗ್ರಹಾಗಾರ. ಅದಕ್ಕೆ ಸುರಂಗ ಬೇಡ, ಕಾಡು ಕಡಿಯಬೇಕಾಗಿಲ್ಲ. ನಗರಗಳ ನೀರೆತ್ತುವ ಯಂತ್ರಗಳು, ಶೈತ್ಯಾಗಾರಗಳು, ಹಿಟ್ಟಿನ ಗಿರಣಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಕೇಂದ್ರ ಸರ್ಕಾರದ 2023ರ ನಿಯಮಗಳು ಹಗಲಿನ ಸೌರ ಅವಧಿಯ ದರವನ್ನು ಇಳಿಸುವಂತೆ ಸೂಚಿಸಿದವು. ಆದರೆ ಕೃಷಿಯನ್ನು ಹೊರಗಿಟ್ಟವು. ಉಚಿತ ವಿದ್ಯುತ್ ಪಡೆಯುವ ರೈತನಿಗೆ ದರದ ಆಮಿಷ ನಾಟದು; ಆತನಿಗೆ ಬೇಕಾದುದು ಭರವಸೆಯ ಹಗಲಿನ ಪೂರೈಕೆ. ಹಾಗೆಂದು ಹಗಲೆಲ್ಲ ಪಂಪು ಓಡಿದರೆ ಅಂತರ್ಜಲ ಬರಿದಾದೀತು. ನೀರಿನ ಮಿತಿಯನ್ನು ಊರೇ ಕೂಡಿ ನಿರ್ಧರಿಸಬೇಕು.

ಮಲೆನಾಡಿನ ಹಳ್ಳಿಗಳು ಲೋಡ್ ಶೆಡ್ಡಿಂಗನ್ನು ಚೆನ್ನಾಗಿ ಬಲ್ಲವು. ಕೇಳದೆ, ಪರಿಹಾರ ಕೊಡದೆ, ಪರೀಕ್ಷೆಯ ಹೊತ್ತಿನಲ್ಲಿ ದೀಪ ಕಸಿಯುವುದು ಬೇಡಿಕೆಯ ಹೊಂದಾಣಿಕೆ ಎನಿಸದು. ಹೊಂದಾಣಿಕೆಗೆ ಒಪ್ಪಿಗೆ ಬೇಕು, ಮುನ್ಸೂಚನೆ ಬೇಕು, ಬಿಟ್ಟುಕೊಟ್ಟವರಿಗೆ ಪ್ರತಿಫಲ ಬೇಕು.

ಹೊತ್ತು ಬದಲಿಸಿ ಎಷ್ಟು ಮೆಗಾವಾಟ್ ಉಳಿಸಬಹುದು, ಉಪಕೇಂದ್ರಗಳಲ್ಲಿ ಎಷ್ಟು ಸಂಗ್ರಹಿಸಬಹುದು, ಅದರ ನಂತರವೂ ಉಳಿಯುವ ಕೊರತೆ ಎಷ್ಟು? ಈ ಮೂರು ಲೆಕ್ಕಗಳನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಗಳ ಮುಂದಿಡುವುದು ಸರ್ಕಾರದ ಹೊಣೆ. ಅವು ಬರುವವರೆಗೆ ಕಣಿವೆಯ ಒಂದು ಮರಕ್ಕೂ ಕೊಡಲಿ ತಾಗಬಾರದು.